ಹಣೆಬರಹ ಮತ್ತು ಹೊಣೆ

ಹರೆಯದವರು ಸತ್ತ ಮನೆಯ ಮುಂದೆ ನಮ್ಮ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, "ಹಣೇಲಿ ಬರ್ದಿದ್ದು ತಪ್ಪುತ್ತಾ?" ಎಂದು. ಇನ್ನೊಂದು, ಸ್ವಲ್ಪ ದೂರ ನಿಂತು ದನಿ ತಗ್ಗಿಸಿ, "ಕುಡೀತಿದ್ದ, ಸೇದ್ತಿದ್ದ, ತಾನೇ ತಂದ್ಕೊಂಡ" ಎಂದು. ಮೊದಲನೆಯದು ಸಮಾಧಾನ, ಎರಡನೆಯದು ತೀರ್ಪು. ಆದರೆ ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ನನಗನ್ನಿಸುತ್ತದೆ. ಆಡಿದವರ ಹೆಗಲಿನಿಂದ ಹೊಣೆಯನ್ನು ಇಳಿಸಿ, ಅವರನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸುತ್ತವೆ.

ನಾನು ಪಾಠ ಹೇಳುವುದು ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ. ಲಕ್ಷ್ಮೀಕಾಂತಸ್ವಾಮಿಯ ಹಳೆಯ ದೇವಸ್ಥಾನದಿಂದ ಹೆಸರಾದ ಊರು. ಇಲ್ಲಿನ ಹುಡುಗರಲ್ಲಿ ಈಗ ಅನೇಕರು ಹೊಲಕ್ಕೆ ಹೋಗುವುದಿಲ್ಲ. ನಂಜನಗೂಡಿನ ಕಾರ್ಖಾನೆಗಳ ಶಿಫ್ಟಿಗೆ, ಮೈಸೂರಿನ ಬಾಡಿಗೆ ಕಾರುಗಳಿಗೆ ಹೋಗುತ್ತಾರೆ. ಅಪ್ಪ ನೇಗಿಲ ಹಿಂದೆ ನಡೆದು ಅರಗಿಸುತ್ತಿದ್ದ ಊಟವನ್ನು ಮಗ ಸೀಟಿನ ಮೇಲೆ ಕುಳಿತು ಅರಗಿಸಬೇಕು. ನನ್ನ ಬಳಿ ಓದಿದ್ದ ಅಂಥ ಒಬ್ಬ ಹುಡುಗ ಮೂವತ್ತಾರಕ್ಕೇ ತೀರಿಕೊಂಡ. ಎದೆ ಹಿಡಿದಾಗ ಗ್ಯಾಸ್ಟ್ರಿಕ್ ಎಂದು ಸೋಡ ಕುಡಿದು ಮಲಗಿದ್ದನಂತೆ. ಮಾತನಾಡಿಸಲು ಹೋದ ನನ್ನ ಕೈ ಹಿಡಿದು ಅವನ ತಾಯಿ ಕೇಳಿದರು: "ನಾ ಇಕ್ಕಿದ ಅನ್ನವೇ ನನ್ ಮಗನ್ನ ತಿಂದ್ಕತಾ, ಟೀಚರಮ್ಮ?"

ಹಣೆಬರಹವೆಂದು ಆಕೆಗೆ ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ 90 ಪಾಲು ಒಂಬತ್ತು ಕಾರಣಗಳಿಗೆ ಸೇರಿದ್ದು. ತಂಬಾಕು, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಯ ಕೊರತೆ, ಮೈ ಬಗ್ಗಿಸದಿರುವುದು ಮುಂತಾದವು. ಮೊದಲ ಆಘಾತ ದಕ್ಷಿಣ ಏಷ್ಯಾದ ನಮ್ಮವರಿಗೆ ಸರಿಸುಮಾರು 53ರ ವಯಸ್ಸಿಗೆ, ಉಳಿದವರಿಗೆ 59ರ ಹತ್ತಿರ ಬರುತ್ತದೆ ಎಂದೂ ಅದು ತೋರಿಸಿತು.

ಹಾಗಾದರೆ ತಾನೇ ತಂದುಕೊಂಡ ಎನ್ನೋಣವೇ? 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ಎಳೆಯರು, ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಬಂದಾಗ ನಾಡೇ ನಡುಗಿತು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹೊಸ ಪಿಡುಗೇನೂ ಕಾಣಲಿಲ್ಲ. ಕಂಡದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕುಡಿತಗಳಂಥ ಹಳೆಯ ಕಾರಣಗಳೇ. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರೂ ಇದ್ದರು. ಹಗಲಿರುಳು ಗಾಡಿಯಲ್ಲೇ ಕಳೆಯುವವನಿಗೆ ನಡೆಯಲು ಹೊತ್ತು ಎಲ್ಲಿ, ನಿದ್ದೆ ಎಲ್ಲಿ? ಸಾಲದ ಕಂತು ಕಟ್ಟಲು ದುಡಿದವನನ್ನು "ತಾನೇ ತಂದುಕೊಂಡ" ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಇನ್ನೊಂದು ವಾದವಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವ್ಯಾಯಾಮ ಮಾಡುತ್ತಿದ್ದವರೇ ಹೋದ ಮೇಲೆ ನಾವು ಎಚ್ಚರವಾಗಿದ್ದು ಏನು ಸುಖ ಎಂದು ಹೆಂಗಸರೂ ಕೇಳುತ್ತಾರೆ. ಹತ್ತು ಸಾವಿರ ಜನರ ವಿಷಯದಲ್ಲಿ ನಿಜವಾದದ್ದು ಒಬ್ಬರ ವಿಷಯದಲ್ಲಿ ನಿಜವಾಗಲೇಬೇಕೆಂದಿಲ್ಲ. ಮಳೆ ಕೈಕೊಡಬಹುದೆಂದು ರೈತ ಉಳುವುದನ್ನು ಬಿಡುತ್ತಾನೆಯೇ? ಎಚ್ಚರವೆನ್ನುವುದು ಭರವಸೆಯ ಪತ್ರವಲ್ಲ. ಅದು ನಮ್ಮ ಪಾಲಿನ ಉಳುಮೆ, ಅಷ್ಟೇ.

ತಪ್ಪು ಬೇರೆ, ಹೊಣೆ ಬೇರೆ. ತಪ್ಪನ್ನು ಹುಡುಕುವವರು ನಡೆದುಹೋದದ್ದನ್ನು ಕೆದಕುತ್ತಾರೆ. ಹೊಣೆ ಹೊರುವವರು ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಕೇಳುತ್ತಾರೆ. ಅದಕ್ಕೇ ಆ ತಾಯಿಗೆ, "ನಿಮ್ಮ ತಪ್ಪಲ್ಲ ಕಣಮ್ಮ, ಆದರೆ ಚಿಕ್ಕ ಮಗನನ್ನು ಇದೇ ವಾರ ತಪಾಸಣೆಗೆ ಕಳಿಸಿ" ಎಂದೆ. ಅಣ್ಣನಿಗೋ ಅಪ್ಪನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಮನೆಯ ಉಳಿದವರು ಬೇಗನೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಅಡುಗೆಮನೆ ನಮ್ಮ ಕೈಯಲ್ಲಿದೆ ಎಂಬ ಮಾತ್ರಕ್ಕೆ ಹೊಣೆಯೆಲ್ಲ ಹೆಂಗಸರದೇ ಎಂದು ನಾನು ಹೇಳುತ್ತಿಲ್ಲ. ಮಾಲೀಕರಿಗೂ ಸರ್ಕಾರಕ್ಕೂ, ಊಟಕ್ಕೆ ಕೂತ ಗಂಡಸರಿಗೂ ಅವರವರ ಪಾಲಿದೆ. ಆದರೂ ನಮ್ಮಿಂದ ಆಗುವುದು ಕೆಲವಿದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ವರು ದೊಡ್ಡವರಿರುವ ಮನೆಗೆ ತಿಂಗಳಿಗೆ 600 ಗ್ರಾಂ, ಅದೂ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪೆಲ್ಲ ಸೇರಿ. ಪೊಟ್ಟಣ ಎಷ್ಟು ದಿನಕ್ಕೆ ಖಾಲಿಯಾಗುತ್ತದೆಂದು ಲೆಕ್ಕ ಹಾಕಿದರೆ ತಾನೇ ತಿಳಿಯುತ್ತದೆ. ಬಡಿಸುವಾಗ "ಇನ್ನೊಂದು ಚೂರು" ಎಂದು ಬಲವಂತ ಮಾಡುವುದೇ ಪ್ರೀತಿ ಎಂಬ ಭಾವನೆಯನ್ನೂ ಸ್ವಲ್ಪ ಸಡಿಲಿಸಬಹುದು.

ಎದೆ ಬಿಗಿದು, ದವಡೆಗೋ ತೋಳಿಗೋ ನೋವು ಹರಿದು, ತಣ್ಣನೆ ಬೆವರಿದರೆ ಸೋಡ, ಕಷಾಯ ಎಂದು ಹೊತ್ತು ಕಳೆಯಬಾರದು. ರಕ್ತ ಸಿಗದ ಹೃದಯದ ಸ್ನಾಯು ಹೊತ್ತು ಹೋದಂತೆಲ್ಲ ಸಾಯುತ್ತದೆ. ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರ ಆರಂಭಿಸಿದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.

ಕೊನೆಗೆ ನಮ್ಮದೇ ಎದೆಯ ಮಾತು. ಮನೆಯವರಿಗೆಲ್ಲ ಗುಳಿಗೆ ನೆನಪಿಸುವ ನಾವು ನಮ್ಮ ಬಿ.ಪಿ. ಎಷ್ಟೆಂದು ಕೇಳಿದರೆ ಸುಮ್ಮನಾಗುತ್ತೇವೆ. ಬಸಿರಿನಲ್ಲಿ ಬಿ.ಪಿ. ಏರಿದ್ದ ಹೆಣ್ಣುಮಕ್ಕಳಿಗೆ ಮುಂದೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಎನ್ನುವುದು ಎಷ್ಟು ಮನೆಗಳಲ್ಲಿ ಗೊತ್ತಿದೆ? ಮಗು ಹುಟ್ಟಿದ ಮೇಲೆ ತಾಯಿಯ ಚೀಟಿಯನ್ನು ಕೇಳುವವರಿರುವುದಿಲ್ಲ. ತನ್ನ ದೇಹವನ್ನು ನೋಡಿಕೊಳ್ಳುವುದು ಸ್ವಾರ್ಥವೆಂದು ನಮಗೆ ಯಾರು ಕಲಿಸಿದರೋ ಕಾಣೆ. ಹಣೆಯ ಬರಹವನ್ನು ಓದುವುದು ಯಾರಿಗೂ ಬರುವುದಿಲ್ಲ. ಆಸ್ಪತ್ರೆಯ ಚೀಟಿಯ ಬರಹವನ್ನು ಓದಬಹುದು. ಓದಲು ಬರುವುದನ್ನಾದರೂ ಓದಿಕೊಳ್ಳೋಣ.