ಬೆಟ್ಟದ ಬುಡದಲ್ಲಿ ಮಣ್ಣಿನ ವಿಚಾರ

ಭಾದ್ರಪದ ಮಾಸಕ್ಕೆ ಇನ್ನೂ ಕೆಲವು ದಿನಗಳಿರುವಾಗ, ಮಧುಗಿರಿಯ ಏಕಶಿಲಾ ಬೆಟ್ಟದ ತಪ್ಪಲಿನಲ್ಲಿ, ನಿವೃತ್ತ ಉಪಾಧ್ಯಾಯರೊಬ್ಬರಿಗೂ ಗೌರಿ-ಗಣೇಶರನ್ನು ಮಾಡುವ ಕುಂಬಾರ ಶೆಟ್ಟರಿಗೂ ನಡೆದ ಸಂಭಾಷಣೆಯಿದು; ನಡುವೆ ಶೆಟ್ಟರ ಮಗಳೂ ಬಾಯಿ ಹಾಕಿದಳು.

ಮೇಷ್ಟರು: ಶೆಟ್ಟರೇ, ಯುಗಯುಗಗಳಿಂದ ಅಲುಗದೆ, ನೆತ್ತಿಯ ಮೇಲೆ ಕೋಟೆಯನ್ನು ಹೊತ್ತು ನಿಂತಿರುವ ಈ ಮಹಾಶಿಲೆಯ ಬುಡದಲ್ಲಿಯೇ ಕುಳಿತು, ನಾಲ್ಕು ದಿನ ಪೂಜೆಗೊಂಡು ನೀರಿನಲ್ಲಿ ಕರಗಿಹೋಗುವ ಮೂರ್ತಿಗಳನ್ನು ನೀವು ನಿರ್ಮಿಸುತ್ತಿರುವುದನ್ನು ಕಾಣುವಾಗಲೆಲ್ಲ, ಗೀತೆಯು ಬಣ್ಣಿಸುವ ನಿಷ್ಕಾಮಕರ್ಮವು ಇದೇ ಅಲ್ಲವೆ ಎಂದು ನನಗೆ ತೋರುತ್ತದೆ.

ಶೆಟ್ಟರು: ನಿಷ್ಕಾಮವೆಲ್ಲಿ ಬಂತು, ಮೇಷ್ಟ್ರೇ? ಶಿರಾದ ಅಂಗಡಿಗೆ ಕಳುಹಿಸಿದ ಮೂರ್ತಿಗಳ ಹಣ ಇನ್ನೂ ಬರಬೇಕಾಗಿದೆ. ವೈರಾಗ್ಯವೆಂಬುದು ಕೊಂಡು ಪೂಜಿಸಿ ಮುಳುಗಿಸುವವರ ಮಾತು. ನನಗೆ ಈ ಗಣಪನ ಹೊಟ್ಟೆ ಬಿರಿಯದೆ ನಿಂತರೆ ಸಾಕು.

ಮೇಷ್ಟರು: ಹಾಗಾದರೆ ಸ್ಫೂರ್ತಿಯೆಂಬುದು ಎಲ್ಲಿಂದ? ಫ್ರಾನ್ಸಿನ ಶಿಲ್ಪಿ ರೊದ್ಯಾ ಕೂಡ ಮೊದಲು ಮಣ್ಣಿನಲ್ಲಿಯೇ ರೂಪಿಸುತ್ತಿದ್ದನು. ಆದರೆ ಅಲ್ಲಿ ಮಣ್ಣು ಕಂಚಿನ ಎರಕಕ್ಕೆ ಪೂರ್ವಸಿದ್ಧತೆ ಮಾತ್ರ, ಅಚ್ಚು ತೆಗೆದ ಬಳಿಕ ಅದರ ಕಾರ್ಯ ಮುಗಿಯಿತು. ನಿಮ್ಮಲ್ಲಿ ಆದಿಯೂ ಮಣ್ಣೇ, ಅಂತ್ಯವೂ ಮಣ್ಣೇ.

ಶೆಟ್ಟರು: ಬೇಸಿಗೆಯಲ್ಲಿ ಕೆರೆಯಂಗಳ ಬತ್ತಿದಾಗ ಮೇಲಿನ ಕಸಕಡ್ಡಿಯ ಪದರ ಸರಿಸಿ, ಅಡಿಯ ಗೋಡುಮಣ್ಣನ್ನು ತಂದು, ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಬೆಣ್ಣೆಯಂತಾಗುವವರೆಗೆ ತುಳಿಯುತ್ತೇವೆ. ಜಿಗುಟು ಹೆಚ್ಚಿದ ಮಣ್ಣು ಒಣಗುವಾಗ ಕುಗ್ಗಿ ಸೀಳುತ್ತದೆ. ಮರಳು ಹೆಚ್ಚಿದುದು ಸೊಂಡಿಲಿನ ತಿರುವಿನಲ್ಲಿ ನಿಲ್ಲದು. ಕೊರಟಗೆರೆಯ ಕಡೆ ಜಯಮಂಗಲಿಯ ದಂಡೆಯಿಂದ ತಂದ ಮಣ್ಣಿಗೆ ಒಂದು ಹದ, ನಮ್ಮೂರ ಕೆರೆಯದಕ್ಕೆ ಮತ್ತೊಂದು. ಮನಸ್ಸಿನಲ್ಲಿ ಮೊದಲೇ ಒಬ್ಬ ಗಣಪನನ್ನು ಇಟ್ಟುಕೊಂಡು ಕುಳಿತೆನೆನ್ನಿ, ಮಣ್ಣು ಅವನನ್ನು ಒಪ್ಪುವುದೇ ಇಲ್ಲ. ಕಿವಿ ಜೋಲುತ್ತದೆ, ಭುಜ ಕುಸಿಯುತ್ತದೆ.

ಮೇಷ್ಟರು: ಕುಂಬಾರ ಗುಂಡಯ್ಯನು ಮಡಕೆ ತಟ್ಟಿದ ನಾದಕ್ಕೆ ಸಾಕ್ಷಾತ್ ಶಿವನೇ ಕುಣಿದನೆಂದು ಹರಿಹರನು ರಗಳೆಯಲ್ಲಿ ಹೇಳುವನಲ್ಲ, ಆ ಭಕ್ತಿಯೂ ಮಣ್ಣಿನ ಮಾತನ್ನು ಆಲಿಸಿಯೇ ಬಂದಿತೆ?

ಶೆಟ್ಟರು: ಗುಂಡಯ್ಯನವರ ಭಕ್ತಿಯ ಆಳ ನನಗೇನು ಗೊತ್ತು! ತಟ್ಟುವವನ ಕಿವಿ ಏನನ್ನು ಹುಡುಕುತ್ತಿರುತ್ತದೆಂಬುದನ್ನು ಮಾತ್ರ ಬಲ್ಲೆ. (ಒಣಗಲಿಟ್ಟ ಮೂರ್ತಿಯ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ) ಈ ಮೊದ್ದು ಸದ್ದು ಕೇಳಿದಿರಾ? ಒಳಗೆ ಇನ್ನೂ ಹಸಿ. ಈಗಲೇ ಬಣ್ಣ ಹಚ್ಚಿದರೆ ಹಬ್ಬದ ದಿನ ಸಿಪ್ಪೆಯೇಳುತ್ತದೆ. ಆ ಮೂಲೆಯದನ್ನು ತಟ್ಟಿ ನೋಡಿ, ಟಣ್ಣೆನ್ನುತ್ತದೆ. ಶಿವನ ಮಾತು ಹಾಗಿರಲಿ, ದಪ್ಪ ಎಲ್ಲೆಡೆಯೂ ಸಮನಾಗಿ ಬಂದು ಸದ್ದು ಒಂದೇ ಶ್ರುತಿಯಲ್ಲಿ ಕೇಳಿದಾಗ ನನಗೇ ಕುಣಿಯಬೇಕೆನಿಸುವುದುಂಟು.

ಮೇಷ್ಟರು: ನಮ್ಮ ಆಲಂಕಾರಿಕರು ಪ್ರತಿಭೆಯನ್ನು ಜನ್ಮಸಿದ್ಧವೆಂದು ಮುಂದೆ ಕೂರಿಸಿ, ಅಭ್ಯಾಸವನ್ನು ಅದರ ಬೆನ್ನಿಗೆ ನಿಲ್ಲಿಸಿದರು. ನಿಮ್ಮ ಜಗಲಿಯಲ್ಲಿ ಆ ಕ್ರಮವೇ ತಲೆಕೆಳಗಾಗಿದೆ. ಕೈ ಮಣ್ಣಿನೊಳಗೆ ಇಳಿದ ಮೇಲೆಯೇ ಸ್ಫೂರ್ತಿ ಹುಟ್ಟುವುದೆಂದಾಯಿತು.

ಮಗಳು: ಕಣ್ಣಿನ ವಿಷಯ ಹಾಗಲ್ಲ, ಮೇಷ್ಟ್ರೇ. ಅದನ್ನು ಮಣ್ಣು ಹೇಳಿಕೊಡುವುದಿಲ್ಲ. ಕುಂಚ ತಾಗಿದ ಮೇಲೆ ತಿದ್ದಲಾಗದು, ಮೊದಲೇ ಕಂಡಿರಬೇಕು.

ಶೆಟ್ಟರು: ಅದು ಇವಳ ವಾದ. ನನಗೆ ಪೂರ್ತಿ ಒಪ್ಪಿಗೆಯಿಲ್ಲ; ಆದರೆ ಕಣ್ಣು ಬರೆಯುವವಳು ಇವಳೇ ನೋಡಿ.

ಮೇಷ್ಟರು: ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪನಿಗೆ ಈ ಆಲಿಸುವ ಗೋಜೇ ಇಲ್ಲ, ಎರಕ ಹೊಯ್ದರಾಯಿತು. ಅದು ಸಲ್ಲದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಮಾರ್ಗಸೂಚಿಯಲ್ಲಿ ಹೇಳಿತಷ್ಟೆ. ಶಿಲೆಗೆ ಭೂಷಣವಾದ ಕರಗದಿರುವಿಕೆಯೇ ಅಲ್ಲಿ ದೋಷವಾಯಿತು.

ಶೆಟ್ಟರು: ಕರಗಲು ನೀರೂ ಬೇಕಲ್ಲ, ಸ್ವಾಮಿ. ಪಾವಗಡದ ಕಡೆ ಮಳೆ ಕೈಕೊಟ್ಟ ವರ್ಷ ಭಾದ್ರಪದದಲ್ಲಿಯೂ ಕೆರೆ ಬರಿದೇ. ಬಕೆಟ್ಟಿನಲ್ಲಿ ಮುಳುಗುವಷ್ಟು ಎತ್ತರದ್ದನ್ನೇ ಕೇಳುತ್ತಾರೆ. ಚಿಕ್ಕದೆಂದರೆ ಸುಲಭವೆಂದು ತಿಳಿಯಬೇಡಿ. ಗೇಣುದ್ದದ ಗಣಪನ ಸೊಂಡಿಲ ತಿರುವಿಗೆ ಹೆಬ್ಬೆರಳು ಹಿಡಿಸದು, ಕಿರುಬೆರಳಿನಲ್ಲಿಯೇ ತೀಡಬೇಕು. ನಿಮಗೂ ಅಂಥದೊಂದು ತೆಗೆದಿಡಲೆ?

ಮೇಷ್ಟರು: ಇಡಿ, ಕಣ್ಣು ಮಾತ್ರ ಮಗಳಿಂದಲೇ ಬರೆಸಿ.