ಪುಷ್ಪ, ಪ್ರಮೋದ ಮತ್ತು ಪರಿಮಾಣ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ 10 ದಿನಗಳ ದಶಲಕ್ಷಣ ಪರ್ವದಲ್ಲಿ ಉಪವಾಸವ್ರತವನ್ನು ನಿರ್ವಿಘ್ನವಾಗಿ ಪೂರೈಸಿದ ಶ್ರಾವಕ ಶ್ರಾವಿಕೆಯರನ್ನು ಸಭೆ ಕೂಡಿಸಿ ಸನ್ಮಾನಿಸುವುದುಂಟು. ಒಬ್ಬರಾದ ಮೇಲೊಬ್ಬರು ಬಂದು ಹಾರ ಹಾಕುತ್ತಾರೆ. ಕೊರಳು ತುಂಬಿದ ಮೇಲೆ ಹಾರಗಳು ಪಕ್ಕದಲ್ಲಿ ರಾಶಿ ಬೀಳುತ್ತವೆ, ಸಂಜೆಯೊಳಗೆ ಬಾಡುತ್ತವೆ. ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪಗಳನ್ನು ತ್ಯಜಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಹೂವನ್ನು ತೊರೆದು ವ್ರತ ನಡೆಸಿದವರಿಗೆ ಹೂವಿನ ರಾಶಿಯಿಂದಲೇ ಗೌರವ ಸಲ್ಲಿಸುವುದು ಯುಕ್ತವೇ? ಹೂವನ್ನು ಕಂಡು ಹರ್ಷಿಸುವುದೇ ದೋಷವೆನ್ನಬೇಕೇ?

ಜಿನಧರ್ಮವು ಹೂವಿನ ಚೆಲುವನ್ನು ಹಗೆಯೆಂದು ಬಗೆದಿಲ್ಲ. ಪುರಾಣಗಳು ವರ್ಣಿಸುವ ಸಮವಸರಣದಲ್ಲಿ ಅಶೋಕ, ಸಪ್ತಪರ್ಣ, ಚಂಪಕ, ಆಮ್ರವೆಂಬ 4 ವನಗಳಿವೆ. ಅಷ್ಟಪ್ರಾತಿಹಾರ್ಯಗಳಲ್ಲಿ ಪುಷ್ಪವೃಷ್ಟಿಯೂ ಒಂದು. ಅಷ್ಟದ್ರವ್ಯ ಪೂಜೆಯಲ್ಲಿ ಪುಷ್ಪಕ್ಕೆ ಸ್ಥಾನವಿದೆ. ಕೆಲವರು ಹೂವನ್ನೇ ಅರ್ಪಿಸುತ್ತಾರೆ. ಕೆಲವರು ಕೇಸರಿಯಿಂದ ಬಣ್ಣಗೊಳಿಸಿದ ಅಕ್ಷತೆಯನ್ನು ಪುಷ್ಪವೆಂದು ಭಾವಿಸಿ ಅರ್ಪಿಸುತ್ತಾರೆ. ದ್ರವ್ಯ ಬೇರೆಯಾದರೂ ಇಬ್ಬರ ಭಾವವೂ ಒಂದೇ.

ಆ ಭಾವ ಯಾವುದು? ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯವೆಂಬ 4 ಭಾವನೆಗಳನ್ನು ಹೇಳುತ್ತದೆ. ಗುಣಾಧಿಕರನ್ನು ಕಂಡಾಗ ಉಕ್ಕುವ ಹರ್ಷವೇ ಪ್ರಮೋದ. ಮೆಚ್ಚುಗೆಯ ಕುರುಹಾಗಿ ಕೊಡುವ ಹೂವು ಈ ಪ್ರಮೋದದ ಚಿಹ್ನೆ ಮಾತ್ರ. ಚಿಹ್ನೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಪ್ರಮೋದ ಹೆಚ್ಚುವುದಿಲ್ಲ.

ಪೂಜೆಯ ಮಹಿಮೆಗೆ ಸಮಂತಭದ್ರರು ಕೊಟ್ಟ ದೃಷ್ಟಾಂತವು ಇದನ್ನೇ ಸಾರುತ್ತದೆ. ರಾಜಗೃಹದಲ್ಲಿ ಭಗವಾನ್ ಮಹಾವೀರರ ದರ್ಶನಕ್ಕೆಂದು ಒಂದು ಕಪ್ಪೆ ಒಂದೇ ಹೂವನ್ನು ಹಿಡಿದು ಹೊರಟಿತು. ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಮಡಿಯಿತು. ಆದರೂ ದೇವಗತಿಯನ್ನು ಪಡೆಯಿತು. ಆ ಹೂವು ಭಗವಂತನ ಪಾದವನ್ನು ಮುಟ್ಟಲೇ ಇಲ್ಲ. ಮುಟ್ಟಿದ್ದು ಭಾವ. ಒಂದು ಹೂವು ಕಪ್ಪೆಗೆ ಸಾಕಾಯಿತು. ಶ್ರಾವಕನಿಗೆ ಎಷ್ಟು ಬೇಕು?

ಆದುದರಿಂದಲೇ ಶ್ರಾವಕಾಚಾರವು ಹೂವಿಗೂ ಪರಿಮಾಣವನ್ನು ಹೇಳುತ್ತದೆ. ಆಹಾರ, ವಾಹನ, ತಾಂಬೂಲ, ವಸ್ತ್ರಗಳಂತೆ ಕುಸುಮವೂ ದಿನ, ಪಕ್ಷ, ಮಾಸಗಳ ಅವಧಿಯಿಟ್ಟು ನಿಯಮ ಮಾಡಿಕೊಳ್ಳಬೇಕಾದ ಭೋಗಗಳಲ್ಲಿ ಸೇರಿದೆ. ಅಲ್ಪಫಲಕ್ಕಾಗಿ ಬಹುಜೀವಗಳ ಘಾತವಾಗುವುದರಿಂದ ಬೇವಿನ ಹೂ, ಕೇದಗೆಗಳು ವರ್ಜ್ಯವೆನಿಸಿವೆ. ನಿಷ್ಪ್ರಯೋಜಕವಾಗಿ ಗಿಡಬಳ್ಳಿಗಳನ್ನು ಕೊಯ್ಯುವುದು ಅನರ್ಥದಂಡ. ಕ್ಷಣಕಾಲ ಕೊರಳಲ್ಲಿದ್ದು ರಾಶಿ ಸೇರುವ ಹತ್ತನೆಯ ಹಾರವು ಯಾರ ಪ್ರಯೋಜನಕ್ಕೆಂದು ವಿವೇಕಿಗಳು ಯೋಚಿಸಬೇಕು.

ಇನ್ನು ವಸಂತದ ಉದ್ಯಾನ. ಚೈತ್ರದಲ್ಲಿ ಹೊಂಗೆಯ ಹೂವು ನೆಲಕ್ಕೆ ಹಾಸುತ್ತದೆ, ಮಲ್ಲಿಗೆ ಬಿರಿಯುತ್ತದೆ. ಅದನ್ನು ನೋಡಲು ಕೊಯ್ಯಬೇಕಾಗಿಲ್ಲ. ಕೇವಲ ನೋಟದಿಂದ ಗಿಡಕ್ಕೆ ಘಾತವಿಲ್ಲವೆಂಬುದು ನಿಜ. ಆದರೆ ನೋಟದ ಹಿಂದೆಯೇ 'ಇದು ನನಗೆ ಬೇಕು' ಎಂಬ ರಾಗ ಹುಟ್ಟುತ್ತದೆ. ಕೈ ಚಾಚುವುದು ಆಮೇಲೆ; ಬಂಧವು ರಾಗದಲ್ಲೇ ಆರಂಭವಾಗುತ್ತದೆ. ಬೆಳಗಿನ ಮಲ್ಲಿಗೆ ಸಂಜೆಗೆ ಕಂದುವುದನ್ನು ಕಂಡವನಿಗೆ ಅದೇ ಉದ್ಯಾನವು ಅನಿತ್ಯಾನುಪ್ರೇಕ್ಷೆಯ ಪಾಠಶಾಲೆಯಾಗುತ್ತದೆ. ಮುನಿಗಳ ಆಹಾರವಿಧಿಯನ್ನು ಭ್ರಾಮರೀವೃತ್ತಿಯೆನ್ನುವರು: ದುಂಬಿಯು ಹೂವನ್ನು ನೋಯಿಸದೆ ಮಕರಂದವನ್ನು ಸ್ವೀಕರಿಸುವಂತೆ ಅವರು ದಾತೃವಿಗೆ ಭಾರವಾಗದೆ ಆಹಾರ ಸ್ವೀಕರಿಸುತ್ತಾರೆ. ಗೃಹಸ್ಥನು ಹೂದೋಟದ ಆನಂದವನ್ನೂ ಈ ರೀತಿ ಪಡೆಯಬಲ್ಲನು.

ಹೂವನ್ನು ಪೂರ್ಣವಾಗಿ ಬಿಡುವುದು ಎಲ್ಲರಿಗೂ ಶಕ್ಯವಲ್ಲ. ಅಷ್ಟಮಿ ಚತುರ್ದಶಿಗಳಂದು ಮುಡಿಯುವುದಿಲ್ಲವೆಂಬ ನಿಯಮ ಶಕ್ಯ. ತಾನಾಗಿ ಉದುರಿದ ಪಾರಿಜಾತವನ್ನು ಜೀವಜಂತುಗಳನ್ನು ಶೋಧಿಸಿ ಆಯ್ದುಕೊಳ್ಳುವುದು ಶಕ್ಯ. ಸಭೆಯಲ್ಲಿ ಎಲ್ಲರ ಪರವಾಗಿ ಒಂದೇ ಹಾರವನ್ನು ಅರ್ಪಿಸಿ, ವ್ರತಿಕರ ಗುಣಗಳನ್ನು ನಾಲ್ಕು ಮಾತಿನಲ್ಲಿ ಕೊಂಡಾಡಿ, ಅವುಗಳಲ್ಲಿ ಒಂದನ್ನಾದರೂ ತಾವೂ ಆಚರಿಸುವ ಸಂಕಲ್ಪ ಮಾಡುವುದು ಅದಕ್ಕಿಂತಲೂ ಶಕ್ಯ. ಬಾಡದ ಹೂಮಾಲೆ ಅದೊಂದೇ.