ಸಹಕ್ರಿಯೆ ಮತ್ತು ಪರಸ್ಪರೋಪಗ್ರಹ

ಬೀದರದಿಂದ ಔರಾದಿನತ್ತ ಸಾಗುವ ಹಾದಿಯ ಜನವಾಡದ ಸೀಮೆಯಲ್ಲಿ ತೊಗರಿ ಬೆಳೆಯುತ್ತದೆ. ಅದರ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತವೆ. ಗಿಡವು ತಾನು ತಯಾರಿಸಿದ ಸಕ್ಕರೆಯನ್ನು ಅವುಗಳಿಗೆ ಉಣಿಸುತ್ತದೆ. ಗಿಡವೊಂದರಿಂದಲೇ ಆಗದ ಕಾರ್ಯವು ಕೂಡಿಕೆಯಿಂದ ಆಗುತ್ತದೆ.

ಇಂತಹ ಕೂಡಿಕೆಗೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಶಬ್ದ ‘ಸಿನರ್ಜಿ’. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಕೂಡಿ ದುಡಿಯುವುದು’. ಕನ್ನಡದಲ್ಲಿ ‘ಸಹಕ್ರಿಯೆ’ ಎನ್ನಬಹುದು. ಎರಡಕ್ಕೆ ಎರಡು ಕೂಡಿದರೆ ಐದಾಗುವುದೆಂದು ವಾಣಿಜ್ಯಶಾಸ್ತ್ರಜ್ಞರು ಇದನ್ನು ವರ್ಣಿಸುತ್ತಾರೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ನಿರೂಪಿಸಿದ ಪರಸ್ಪರೋಪಗ್ರಹವೂ ಇದೇ ಅಲ್ಲವೇ ಎಂದು ಕೆಲವರು ಕೇಳುವುದುಂಟು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ರೂಪುಗೊಂಡ ಜೈನ ಸಂಕೇತದ ಅಡಿಯಲ್ಲಿರುವುದೂ ಆ ಸೂತ್ರವೇ. ಆದರೆ ಎರಡೂ ಒಂದೇ ಅಲ್ಲ.

ಕೀಟನಾಶಕಗಳ ತಯಾರಿಕೆಯಲ್ಲಿ ಪೈಪೆರೊನಿಲ್ ಬ್ಯುಟಾಕ್ಸೈಡ್ ಎಂಬ ವಸ್ತುವನ್ನು ಬೆರೆಸುವುದುಂಟು. ಅದು ತಾನಾಗಿ ಕೀಟಗಳನ್ನು ಕೊಲ್ಲುವುದು ಅತ್ಯಲ್ಪ. ವಿಷವನ್ನು ಕರಗಿಸಿಕೊಳ್ಳುವ ಅವುಗಳ ಶಕ್ತಿಯನ್ನು ತಡೆದು, ಜೊತೆಗಿರುವ ವಿಷವನ್ನು ಹಲವು ಪಟ್ಟು ಪ್ರಬಲಗೊಳಿಸುತ್ತದೆ. ಇದಕ್ಕೂ ವಿಜ್ಞಾನಿಗಳು ಸಹಕ್ರಿಯೆ ಎಂದೇ ಹೆಸರಿಡುತ್ತಾರೆ. ಆದ್ದರಿಂದ ಸಹಕ್ರಿಯೆಯು ಕೇವಲ ಬಲ. ಅದಕ್ಕೆ ಧರ್ಮಾಧರ್ಮಗಳ ವಿವೇಚನೆಯಿಲ್ಲ. ಉಪಗ್ರಹವಾದರೋ ಉಪಕಾರ. ಪೂಜ್ಯಪಾದರು ಇದನ್ನು ವಿವರಿಸುವಾಗ ಒಡೆಯ-ಆಳು, ಗುರು-ಶಿಷ್ಯರ ಸಂಬಂಧಗಳನ್ನು ಉದಾಹರಿಸಿದ್ದಾರೆ.

‘ನಾನು ಕೊಲ್ಲಲಿಲ್ಲ, ಕೊಲ್ಲುವವನಿಗೆ ನೆರವಾದೆನಷ್ಟೇ’ ಎಂಬ ಸಮಾಧಾನಕ್ಕೆ ಜೈನ ನೀತಿಯಲ್ಲಿ ಎಡೆಯಿಲ್ಲ. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನ, ವಚನ, ಕಾಯಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವುಗಳನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಮಾಡಿದವನಂತೆ ಮಾಡಿಸಿದವನೂ, ಒಪ್ಪಿದವನೂ ಆ ಎಣಿಕೆಯೊಳಗೇ ಇದ್ದಾರೆ. ಕೂಟದ ಲಾಭವನ್ನು ಪಾಲು ಮಾಡಿಕೊಳ್ಳಬಹುದು, ಕರ್ಮಬಂಧಕ್ಕೆ ಪಾಲುಗಾರಿಕೆಯಿಲ್ಲ. ಅದು ಅವರವರ ಭಾವಕ್ಕೆ ತಕ್ಕಂತೆ ಅವರವರನ್ನೇ ಕಟ್ಟುತ್ತದೆ.

ಹಾಗೆಂದು ಒಕ್ಕಲಿಗನನ್ನು ದೂಷಿಸುವುದು ಸಲ್ಲದು. ಗೃಹಸ್ಥನಿಗೆ ಉದ್ಯೋಗೀ ಹಿಂಸೆಯು ಪೂರ್ಣವಾಗಿ ತಪ್ಪದೆಂಬುದನ್ನು ಶ್ರಾವಕಾಚಾರವು ಬಲ್ಲದು. ಅದು ಬೇಡುವುದು ಎಚ್ಚರವನ್ನು, ಮಿತಿಯನ್ನು. ಹತ್ತು ಜನ ಕೂಡಿ ವ್ಯಾಪಾರ ಹೂಡುವಾಗ, ಸಂಸ್ಥೆ ಕಟ್ಟುವಾಗ ‘ಕೂಡಿದರೆ ಎಷ್ಟು ಹೆಚ್ಚುತ್ತದೆ?’ ಎಂಬ ಪ್ರಶ್ನೆಗಿಂತ ಮೊದಲು ‘ಹೆಚ್ಚುವುದು ಯಾವುದು?’ ಎಂದು ಕೇಳಿಕೊಳ್ಳಬೇಕು.

ಒಂದೇ ತೊಗರಿ ಹೊಲದಲ್ಲಿ ಬೇರಿನ ಗಂಟೂ ಇದೆ, ಸಿಂಪಡಿಸುವ ವಿಷವೂ ಇದೆ. ಎರಡೂ ಕೂಡಿಕೆಯ ಫಲಗಳೇ. ವಿವೇಕಿಯು ಇವುಗಳ ಅಂತರವನ್ನು ಅರಿತು ಕೈಜೋಡಿಸುತ್ತಾನೆ.